ಊರಿಗೆ ನುಗ್ಗಿದ್ದ ಹೊಳೆಯ ನೆರೆ ಇಳಿದು ಎರಡು ತಿಂಗಳಾಯಿತು. ಮಳೆ ಸದ್ದಾದರೆ ಅವ್ವ ಮಲಗುವುದಿಲ್ಲ, ಅಪ್ಪ ಮಾತು ಬಿಟ್ಟಿದ್ದಾರೆ, ಕುಡಿತ ಹೆಚ್ಚಿದೆ. ಇದು ಕಾಯಿಲೆಯೇ?

ಮೊದಲ ಮೂರ್ನಾಲ್ಕು ವಾರದಲ್ಲಿ ಕೇಳಿದ್ದರೆ ಕಾಯಿಲೆ ಎನ್ನುತ್ತಿರಲಿಲ್ಲ. ನಿದ್ದೆಗೆಡುವುದು, ಬೆಚ್ಚಿ ಏಳುವುದು, ಕೆಟ್ಟ ಕನಸು ಆಗ ಸಹಜ. ಹೆಚ್ಚಿನವರಿಗೆ ತಾನಾಗಿಯೇ ತಗ್ಗುತ್ತದೆ. ತಿಂಗಳು ದಾಟಿಯೂ ನೀರು ನುಗ್ಗಿದ ಗಳಿಗೆಯೇ ಕಣ್ಣಮುಂದೆ ಬರುತ್ತಿದ್ದರೆ, ಹೊಳೆಯ ಕಡೆ ಕಾಲಿಡಲಾಗದಿದ್ದರೆ, ಮನೆಗೆಲಸ ಕೆಟ್ಟಿದ್ದರೆ ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ) ಇದೆಯೇ ಎಂದು ಮನೋವೈದ್ಯರು ನೋಡಬೇಕು. ಅವ್ವನನ್ನು ಈಗ ತೋರಿಸಿ.

ತೋರಿಸುವಾಗ ಒಂದು ಎಚ್ಚರಿಕೆ. ನಮ್ಮ ಹಳ್ಳಿಗಳಲ್ಲಿ ಯಾರೂ ಮನಸ್ಸು ಸರಿಯಿಲ್ಲ ಎನ್ನುವುದಿಲ್ಲ. ತಲೆಭಾರ, ಎದೆಉರಿ, ಕೈಕಾಲು ಸೆಳೆತ ಎನ್ನುತ್ತಾರೆ, ಸಲಾಯಿನ್ ಹಚ್ಚಿಸಿಕೊಂಡು ವಾಪಸಾಗುತ್ತಾರೆ. ಎಷ್ಟು ತಾಸು ನಿದ್ದೆ, ಮಳೆ ಬಂದಾಗ ಏನು ಮಾಡುತ್ತಾರೆ, ಯಾವ ಕೆಲಸ ಬಿಟ್ಟಿದ್ದಾರೆ ಎಂದು ನೀವೇ ಹೇಳಿ. ಮೆಡಿಕಲ್ ಅಂಗಡಿಯಿಂದ ಆಲ್‌ಪ್ರಜೋಲಾಮ್‌ನಂಥ ನಿದ್ದೆಮಾತ್ರೆ ತರಬೇಡಿ. ಭಯ ಹಾಗೇ ಉಳಿಯುತ್ತದೆ, ಮಾತ್ರೆ ಮಾತ್ರ ಅಭ್ಯಾಸವಾಗುತ್ತದೆ. ಆ ರಾತ್ರಿಯ ಕಥೆಯನ್ನು ಒತ್ತಾಯಿಸಿ ಹೇಳಿಸಲೂಬೇಡಿ. ತಾವಾಗಿ ಹೇಳಿದರೆ ನಡುವೆ ಬಾಯಿ ಹಾಕದೆ ಕೇಳಿ.

ಮಳೆಯ ರಾತ್ರಿ ದೀಪ ಹಚ್ಚಿಡಿ, ಜತೆಗೆ ಕೂರಿ. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದನ್ನು ಐದು ನಿಮಿಷ ಇಬ್ಬರೂ ಮಾಡಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ನಿತ್ಯದ ಔಷಧಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅವ್ವನ ಕೈಗೆಟುಕುವಲ್ಲಿಡಿ. ಕಾಳಜಿ ಕೇಂದ್ರಕ್ಕೆ ಯಾವ ದಾರಿ, ಯಾರ ಗಾಡಿ ಎಂಬುದನ್ನು ಮೊದಲೇ ಗೊತ್ತುಮಾಡಿ.

ಅಪ್ಪನ ವಿಷಯ ಬೇರೆ, ನನಗೆ ಹೆಚ್ಚು ಚಿಂತೆ ಅದರದೇ. ನೀರಿಗಿಂತ ನೀರಿಳಿದ ಮೇಲೆ ಪರಿಹಾರಕ್ಕಾಗಿ ಅಲೆದಾಟ ಜನರನ್ನು ಹೆಚ್ಚು ಕುಗ್ಗಿಸುತ್ತದೆ. 2019ರಲ್ಲಿ ಮಲಪ್ರಭಾ, ಘಟಪ್ರಭಾ ಉಕ್ಕಿದಾಗ ಹಾನಿಯಾದ ಮನೆಗಳನ್ನು ಹಾನಿ ಎಷ್ಟೆಂದು ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದದ್ದು ಎ, ಅದಕ್ಕೆ 5 ಲಕ್ಷ; ಅಲ್ಪ ಹಾನಿಯದ್ದು ಸಿ. ಆದರೆ ನೆನೆದ ಮಣ್ಣಿನ ಗೋಡೆ ಸರ್ವೆಯ ದಿನ ನಿಂತಿದ್ದು, ಒಣಗುವಾಗ ಬಿರುಕು ಬಿಟ್ಟು ಕುಸಿಯಬಹುದು. ಪಕ್ಕದವರಿಗೆ ಎ, ನಮಗೆ ಸಿ ಎಂದಾಗ ಹುಟ್ಟುವ ಸಂಕಟಕ್ಕೆ ಗುಳಿಗೆ ಇಲ್ಲ. ಬಿದ್ದ ಗೋಡೆಯ ಫೋಟೊ ತಾರೀಖು ಸಹಿತ ತೆಗೆದು, ಮರುಪರಿಶೀಲನೆಗೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಪ್ಪನೊಬ್ಬರನ್ನೇ ಕಚೇರಿಗೆ ಅಟ್ಟಬೇಡಿ.

ದಿನವೂ ಕುಡಿಯುತ್ತಿದ್ದರೆ ಏಕಾಏಕಿ ಬಿಡಿಸಬೇಡಿ: ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಮಂಕು ಕವಿಯುವುದು ಬರಬಹುದು, ಪ್ರಾಣಕ್ಕೂ ಕುತ್ತು. ವೈದ್ಯರ ಕೈಕೆಳಗೇ ಬಿಡಿಸಬೇಕು. ಬೆಳೆಗೆ ತಂದ ಕೀಟನಾಶಕದ ಬಾಟಲಿ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಬೀಗದೊಳಗೆ ಸೇರಿಸಿ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿ; ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಉಚಿತ, 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಫೋನ್ ಮಾಡಿ ತಿಳಿದುಕೊಂಡೇ ಹೊರಡಿ.