ನೀವು ಬರೆದದ್ದು ಏಳು ಅಲೆಗಳ ಬಗ್ಗೆ, ಇರುವುದು ಒಂದೇ

ನಮಸ್ಕಾರ,

ವಿದ್ಯುತ್ಕಾಂತೀಯ ಅಲೆಗಳ ಬಗ್ಗೆ ನೀವು ಕಳಿಸಿದ ‘ಅದೃಶ್ಯ ಅಲೆಗಳ ಅದ್ಭುತ ಪ್ರಪಂಚ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಕೊನೆಯವರೆಗೂ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಸುಮ್ನೆ ‘ಸ್ವೀಕರಿಸಿಲ್ಲ’ ಎಂಬ ಒಂದು ಸಾಲು ಕಳಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಿಮ್ಮ ಆರನೇ ಪ್ಯಾರಾ.

ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾದ ಮುಂದೆ ಹಿಡಿದು ಗುಂಡಿ ಒತ್ತಿದರೆ, ಕಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ಕಾಣುತ್ತದೆ ಎಂದು ಬರೆದಿದ್ದೀರಿ. ನಾನೂ ಮಾಡಿ ನೋಡಿದೆ. ನನ್ನ ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ. ಮುಂದಿನದರಲ್ಲಿ ತಿಳಿನೇರಳೆ ಚುಕ್ಕೆಯೊಂದು ಮಿಣಮಿಣ ಮಿನುಗಿತು. ಎಷ್ಟೋ ಕ್ಯಾಮೆರಾಗಳಲ್ಲಿ ಅವಕೆಂಪು, ಅಂದರೆ ಕೆಂಪಿನ ಆಚೆಗಿನ ಈ ಕಾಣದ ಬೆಳಕನ್ನು ತಡೆಯುವ ಫಿಲ್ಟರ್ ಇರುತ್ತದೆ. ಈ ಮಾತನ್ನೂ ಸೇರಿಸಿ, ಇಲ್ಲದಿದ್ದರೆ ಮಾಡಿ ನೋಡಿದವರು ನೀವು ಸುಳ್ಳು ಹೇಳಿದಿರಿ ಅಂದುಕೊಳ್ಳುತ್ತಾರೆ. ಇಡೀ ಲೇಖನದಲ್ಲಿ ನೀವು ಕೈಯಾರೆ ಮಾಡಿದ್ದು ಅನ್ನಿಸಿದ್ದು ಇದೊಂದೇ. ಇದಕ್ಕೆ ಮೂರೇ ಸಾಲು ಕೊಟ್ಟಿದ್ದೀರಿ. ‘ಆಧುನಿಕ ಯುಗದಲ್ಲಿ ವಿಜ್ಞಾನವು ದಾಪುಗಾಲು ಹಾಕುತ್ತಿದೆ’ ಎಂಬ ಪೀಠಿಕೆಗೆ ಮಾತ್ರ ಎರಡು ಪ್ಯಾರಾ! ಪೀಠಿಕೆ ಪೂರ್ತಿ ತೆಗೆಯಿರಿ. ರಿಮೋಟಿನಿಂದಲೇ ಶುರುಮಾಡಿ.

ಈಗ ನನ್ನ ದೊಡ್ಡ ತಕರಾರು. ರೇಡಿಯೊ, ಮೈಕ್ರೋವೇವ್, ಅವಕೆಂಪು, ಬೆಳಕು, ಅತಿನೇರಳೆ, ಎಕ್ಸ್‌ರೇ, ಗಾಮಾ ಎಂದು ಏಳು ಉಪಶೀರ್ಷಿಕೆ ಹಾಕಿದ್ದೀರಿ. ಪ್ರತಿಯೊಂದರ ಕೆಳಗೂ ‘ಉಪಯೋಗಗಳು’, ‘ಅಪಾಯಗಳು’. ಪರೀಕ್ಷೆಗೆ ಓದುವವರಿಗೆ ಇಷ್ಟು ಸಾಕು. ಆದರೆ ಓದಿ ಮುಗಿಸಿದವರ ತಲೆಯಲ್ಲಿ ಏಳು ಬೇರೆ ಬೇರೆ ವಸ್ತುಗಳು ಉಳಿಯುತ್ತವೆ. ವಿಷಯದ ಸೊಗಸು ಇರುವುದೇ ಅವೆಲ್ಲ ಒಂದೇ ಎಂಬುದರಲ್ಲಿ. ವಿದ್ಯುತ್ ಕ್ಷೇತ್ರ, ಕಾಂತ ಕ್ಷೇತ್ರ ಎರಡೂ ಒಟ್ಟಿಗೆ ಏರುತ್ತ ಇಳಿಯುತ್ತ ಖಾಲಿ ಜಾಗದಲ್ಲಿ ಸೆಕೆಂಡಿಗೆ 299,792,458 ಮೀಟರ್ ಸಾಗುತ್ತವೆ. ರೇಡಿಯೊಗೂ ಅದೇ ವೇಗ, ಗಾಮಾಗೂ ಅದೇ ವೇಗ. ಬದಲಾಗುವುದು ಅಲೆಯ ಉದ್ದ. ಉದ್ದ ಕಡಿಮೆಯಾದಷ್ಟೂ ಕಂಪನಾಂಕ, ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಸಂಖ್ಯೆ, ಜಾಸ್ತಿ. ಎರಡನ್ನೂ ಗುಣಿಸಿದರೆ ಆ ವೇಗವೇ ಬರಬೇಕು. ಇಷ್ಟು ಹೇಳಿಕೊಟ್ಟರೆ ಮುಂದಿನ ಲೆಕ್ಕ ಓದುಗರೇ ಹಾಕಿಕೊಳ್ಳುತ್ತಾರೆ. 100 ಮೆಗಾಹರ್ಟ್ಜ್ (ಸೆಕೆಂಡಿಗೆ ಹತ್ತು ಕೋಟಿ ಕಂಪನ) ಎಫ್‌ಎಂ ಅಲೆ 3 ಮೀಟರ್ ಉದ್ದ. 1 ಮೆಗಾಹರ್ಟ್ಜ್ ಮೀಡಿಯಂ ವೇವ್ ಅಲೆ 300 ಮೀಟರ್. ಹಸಿರು ಬೆಳಕಿನ ಅಲೆ ಮಿಲಿಮೀಟರನ್ನು ಸುಮಾರು ಎರಡು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗ.

ಏಳರ ನಡುವಿನ ಗಡಿಗಳನ್ನು ನೀವು ದಶಮಾಂಶದವರೆಗೆ ಕೊಟ್ಟಿದ್ದೀರಿ. ಆ ಗೆರೆಗಳನ್ನು ಎಳೆದವರು ನಾವು, ಅದೂ ಅನುಕೂಲಕ್ಕೆ. ಒಂದೇ ಉದ್ದದ ಕಿರಣ ಎಲೆಕ್ಟ್ರಾನುಗಳಿಂದ ಹೊಮ್ಮಿದರೆ ಎಕ್ಸ್‌ರೇ, ಪರಮಾಣುವಿನ ನ್ಯೂಕ್ಲಿಯಸ್ಸಿನಿಂದ ಹೊಮ್ಮಿದರೆ ಗಾಮಾ ಎನ್ನುವುದು ರೂಢಿ. ಕೋಷ್ಟಕ ಬಿಟ್ಟುಬಿಡಿ.

ಹಾಗಾದರೆ ಲೇಖನವನ್ನು ಯಾವುದರ ಮೇಲೆ ನಿಲ್ಲಿಸುವುದು? ನನ್ನ ಸಲಹೆ: ಅಳತೆಯ ಮೇಲೆ. ಅಲೆ ಎಷ್ಟು ಉದ್ದ, ಎದುರಿಗೆ ಸಿಕ್ಕ ವಸ್ತು ಎಷ್ಟು ದೊಡ್ಡದು, ಇಷ್ಟು ಕೇಳುತ್ತ ಹೋದರೆ ರೋಹಿತದ, ಅಂದರೆ ಈ ಅಲೆಗಳ ಇಡೀ ಸಾಲಿನ, ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಮೈಕ್ರೋವೇವ್ ಓವನ್ನಿನ ಬಾಗಿಲನ್ನೇ ನೋಡಿ. ಗಾಜಿನ ಹಿಂದೆ ತೂತುತೂತಾದ ಲೋಹದ ಹಾಳೆ ಇರುತ್ತದೆ. ಒಳಗಿನ ಅಲೆಯ ಕಂಪನಾಂಕ ಸಾಮಾನ್ಯವಾಗಿ 2.45 ಗಿಗಾಹರ್ಟ್ಜ್ (ಸೆಕೆಂಡಿಗೆ 245 ಕೋಟಿ ಕಂಪನ), ಉದ್ದ ಸುಮಾರು 12 ಸೆಂಟಿಮೀಟರ್. ಒಂದೆರಡು ಮಿಲಿಮೀಟರ್ ತೂತು ಅದಕ್ಕೆ ತೂತೇ ಅಲ್ಲ, ಗೋಡೆ ಇದ್ದ ಹಾಗೆ. ಅದೇ ತೂತು ಬೆಳಕಿನ ಅಲೆಗೆ ಊರ ಹೆಬ್ಬಾಗಿಲು. ಹಾಗಾಗಿ ಒಳಗಿನ ಪಾತ್ರೆ ನಮಗೆ ಕಾಣುತ್ತದೆ, ಬಿಸಿಮಾಡುವ ಅಲೆ ಹೊರಗೆ ಬರುವುದಿಲ್ಲ. ಒಂದೇ ಬಾಗಿಲಿನಲ್ಲಿ ಒಂದೇ ಜಾತಿಯ ಎರಡು ಅಲೆಗಳಿಗೆ ಎರಡು ನ್ಯಾಯ. ಇದನ್ನು ಬಿಟ್ಟು ನೀವು ‘ಮೈಕ್ರೋವೇವ್ ಅಲೆಗಳು ಮೈಕ್ರೋಮೀಟರ್ ಉದ್ದವಿರುವುದರಿಂದ ಆ ಹೆಸರು’ ಎಂದು ಬರೆದಿದ್ದೀರಿ. ತಪ್ಪು. ಆಗ ಬಳಕೆಯಲ್ಲಿದ್ದ ಉದ್ದನೆಯ ರೇಡಿಯೊ ಅಲೆಗಳ ಪಕ್ಕದಲ್ಲಿ ಇವು ಗಿಡ್ಡ, ಅಷ್ಟೇ ಅದರ ಅರ್ಥ.

ಇದೇ ದಾರಿಯಲ್ಲಿ ಇನ್ನಷ್ಟು ಸಿಗುತ್ತದೆ. ನೇರ ಕಡ್ಡಿಯ ಆಂಟೆನಾಗಳನ್ನು ಅಲೆಯ ಅರ್ಧ ಅಥವಾ ಕಾಲು ಭಾಗದಷ್ಟು ಉದ್ದ ಇಡುವುದು ಸಾಮಾನ್ಯ. ಬೆಳಕಿನ ಅಲೆಗಿಂತ ತುಂಬ ಸಣ್ಣದಾದ ವೈರಸ್ಸಿನ ಆಕಾರ ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ತಿಳಿಯುವುದಿಲ್ಲ. ಎಕ್ಸ್‌ರೇ ಅಲೆಯ ಉದ್ದ ಹರಳಿನೊಳಗೆ ಪರಮಾಣುಗಳ ನಡುವಿನ ಅಂತರದಷ್ಟೇ ಇರುವುದರಿಂದ, ಅದು ಹರಳಿನಲ್ಲಿ ಚದುರುವ ರೀತಿ ನೋಡಿ 1912ರಿಂದ ಈಚೆಗೆ ಹರಳುಗಳ ಒಳರಚನೆ ನಮಗೆ ಗೊತ್ತಾಗತೊಡಗಿತು.

ಇನ್ನು ತಪ್ಪುಗಳು. ‘ರೇಡಿಯೊ ಅಲೆ ಎಂದರೆ ನಮ್ಮ ಕಿವಿಗೆ ಕೇಳಿಸದ ಶಬ್ದ’ ಎಂದಿದ್ದೀರಿ. ರೇಡಿಯೊ ಪೆಟ್ಟಿಗೆಯಿಂದ ಶಬ್ದ ಬರುತ್ತದಲ್ವಾ, ಅದಕ್ಕೇ ಈ ಗೊಂದಲ. ಶಬ್ದಕ್ಕೆ ಗಾಳಿಯೋ ನೀರೋ ಗೋಡೆಯೋ ಏನಾದರೊಂದು ಬೇಕು. ರೇಡಿಯೊ ಅಲೆಗೆ ಏನೂ ಬೇಡ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ಸೆಕೆಂಡಿಗೆ 20,000 ಸಲ ಕಂಪಿಸುವ ಶಬ್ದದ ಅಲೆ ಗಾಳಿಯಲ್ಲಿ 1.7 ಸೆಂಟಿಮೀಟರ್. ಅಷ್ಟೇ ಕಂಪನಾಂಕದ ರೇಡಿಯೊ ಅಲೆ 15 ಕಿಲೋಮೀಟರ್! ಅಂಥ ಅಲೆ ಸಮುದ್ರದ ನೀರಿನೊಳಗೆ ಸ್ವಲ್ಪ ಆಳಕ್ಕೆ ಇಳಿಯುತ್ತದೆ ಎಂದೇ ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸಲು ಅದನ್ನು ಬಳಸುತ್ತಾರೆ. 1.7 ಸೆಂಟಿಮೀಟರ್, 15 ಕಿಲೋಮೀಟರ್ ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು, ಬೇರೆ ವಿವರಣೆ ಬೇಕಾಗಿಲ್ಲ.

ಎರಡನೆಯದು ನಿಮ್ಮ ಚಿತ್ರ. ಕೆಂಪು, ನೀಲಿ ಎರಡು ಹಾವುಗಳು ಒಂದಕ್ಕೊಂದು ಅಡ್ಡಡ್ಡ ಬಳುಕುತ್ತ ಹೋಗುವ ಚಿತ್ರ ಹಾಕಿ, ಕೆಳಗೆ ‘ಬೆಳಕು ಹೀಗೆ ಅಂಕುಡೊಂಕಾಗಿ ಚಲಿಸುತ್ತದೆ’ ಎಂದು ಬರೆದಿದ್ದೀರಿ. ಬೆಳಕು ಅಂಕುಡೊಂಕಾಗಿ ಹೋಗುವುದಿಲ್ಲ. ಅಲೆ ಸಾಗುವ ನೇರ ಗೆರೆಯ ಮೇಲೆ, ಒಂದೊಂದು ಬಿಂದುವಿನಲ್ಲೂ ಕ್ಷೇತ್ರ ಎಷ್ಟು ಬಲವಾಗಿದೆ, ಯಾವ ಕಡೆಗಿದೆ ಎಂದು ಬಾಣ ಬರೆಯುತ್ತಾರೆ. ಬಾಣಗಳ ತುದಿಗಳನ್ನು ಸೇರಿಸಿದರೆ ಆ ಹಾವು ಬರುತ್ತದೆ. ಅದು ಗ್ರಾಫ್, ದಾರಿಯಲ್ಲ. ಜ್ವರದ ಗ್ರಾಫ್ ನೋಡಿ ರೋಗಿ ಹಾಸಿಗೆಯ ಮೇಲೆ ಹತ್ತಿ ಇಳಿದ ಅಂದ ಹಾಗಾಯಿತು ನಿಮ್ಮ ಸಾಲು. ಬೇಜಾರು ಮಾಡಿಕೊಳ್ಳಬೇಡಿ, ನನ್ನ ತಲೆಯಲ್ಲೂ ಈ ಹಾವು ವರ್ಷಗಟ್ಟಲೆ ಮಲಗಿತ್ತು. ಯಾರೂ ಎಬ್ಬಿಸಲಿಲ್ಲ.

ಮೂರನೆಯದು ‘ಎಲ್ಲ ವಿಕಿರಣವೂ ದೇಹಕ್ಕೆ ಹಾನಿಕರ’ ಎಂಬ ಮಾತು. ಮೇಣದ ಬತ್ತಿಯ ಬೆಳಕೂ ವಿಕಿರಣವೇ. ಈ ಅಲೆಗಳು ಶಕ್ತಿಯನ್ನು ಕೊಡುವುದು ಸಣ್ಣ ಸಣ್ಣ ಗಂಟುಗಳಲ್ಲಿ, ಅಂದರೆ ಫೋಟಾನುಗಳಲ್ಲಿ. ಕಂಪನಾಂಕ ಏರಿದಷ್ಟೂ ಒಂದೊಂದು ಗಂಟಿನ ತೂಕ ಏರುತ್ತದೆ. ಓವನ್ನಿನ ಒಂದು ಫೋಟಾನಿಗಿಂತ ಹಸಿರು ಬೆಳಕಿನ ಒಂದು ಫೋಟಾನಿಗೆ ಸುಮಾರು ಎರಡು ಲಕ್ಷ ಪಟ್ಟು ಶಕ್ತಿ ಜಾಸ್ತಿ. ಆದರೂ ಪರಮಾಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕುವುದು ಬೆಳಕಿನಿಂದಲೂ ಸಾಮಾನ್ಯವಾಗಿ ಆಗದ ಕೆಲಸ. ಅತಿನೇರಳೆಯಿಂದ ಆಚೆಗೆ ಕಥೆ ಬದಲಾಗುತ್ತದೆ. ಹಾಗಂತ ಕೆಳಗಿನವು ಏನೂ ಮಾಡುವುದಿಲ್ಲ ಎಂದೂ ಬರೆಯಬೇಡಿ. ಪ್ರಮಾಣ ಜಾಸ್ತಿಯಾದರೆ ಸುಡುತ್ತವೆ, ಓವನ್ ಕೆಲಸ ಮಾಡುವುದೇ ಹಾಗೆ.

ಇತಿಹಾಸದ ಭಾಗ ಚುರುಕಾಗಿದೆ. ಒಂದು ಪದ ಮಾತ್ರ ಅದನ್ನು ಕೆಡಿಸಿದೆ. ಜರ್ಮನಿಯ ಭೌತವಿಜ್ಞಾನಿ ಹೈನ್ರಿಕ್ ಹರ್ಟ್ಜ್ ‘ಆಕಸ್ಮಿಕವಾಗಿ’ ಈ ಅಲೆಗಳನ್ನು ಕಂಡ ಎಂದಿದ್ದೀರಿ. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಇಂಥ ಅಲೆಗಳು ಇರಬೇಕೆಂದು 1860ರ ದಶಕದಲ್ಲೇ ಲೆಕ್ಕ ಹಾಕಿಟ್ಟಿದ್ದ. ವಿದ್ಯುತ್ತು, ಕಾಂತ ಇವುಗಳ ಅಳತೆಗಳಿಂದಷ್ಟೇ ಹೊರಟು ಅಲೆಯ ವೇಗ ಕಂಡುಹಿಡಿದರೆ ಅದು ಬೆಳಕಿನ ವೇಗಕ್ಕೆ ಹತ್ತಿರ ಬಂದು ನಿಂತಿತು. ಬೆಳಕೂ ಇದೇ ಜಾತಿಯದು ಎಂದು ಆತ ಹೇಳಿದ. ಅದು ಸಾಬೀತಾಗುವುದನ್ನು ನೋಡಲಿಲ್ಲ, 1879ರಲ್ಲಿ 48ನೇ ವಯಸ್ಸಿಗೆ ತೀರಿಕೊಂಡ. ಹರ್ಟ್ಜ್ 1887-88ರಲ್ಲಿ ಕಿಡಿ ಹಾರಿಸಿ, ಸತುವಿನ ತಗಡಿನಿಂದ ಅಲೆ ಹಿಂತಿರುಗುವಂತೆ ಮಾಡಿ, ಅದರ ಉದ್ದ ಅಳೆದ. ಇದು ಹುಡುಕಿಕೊಂಡು ಹೋಗಿ ಹಿಡಿದದ್ದು. ಅನಿರೀಕ್ಷಿತ ಬೇಕಿದ್ದರೆ ಖಗೋಳವಿಜ್ಞಾನಿ ವಿಲಿಯಂ ಹರ್ಷಲ್‌ನನ್ನು ಕರೆತನ್ನಿ. 1800ರಲ್ಲಿ ಆತ ಪಟ್ಟಕದಿಂದ (ಪ್ರಿಸಂ) ಹೊಮ್ಮಿದ ಬಣ್ಣಗಳಲ್ಲಿ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದ. ಕೆಂಪಿನ ಆಚೆ, ಬಣ್ಣವೇ ಇಲ್ಲದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ನಿಮ್ಮ ರಿಮೋಟಿನ ಬೆಳಕು ಅಲ್ಲಿಯದೇ. ಎರಡನ್ನೂ ಒಂದೇ ಪ್ಯಾರಾದಲ್ಲಿ ತನ್ನಿ.

ಪದಗಳ ಬಗ್ಗೆ ಒಂದು ಮಾತು. ಒಂದು ಕಡೆ ಅವಕೆಂಪು, ಇನ್ನೊಂದು ಕಡೆ ಅತಿಗೆಂಪು, ಮತ್ತೊಂದು ಕಡೆ ಇನ್‌ಫ್ರಾರೆಡ್. ಓದುಗರು ಮೂರು ಕಿರಣ ಎಂದು ಎಣಿಸುತ್ತಾರೆ. ‘ತರಂಗಾಂತರ’ದ ಜೊತೆಗೂ ಹುಷಾರು. ಪತ್ರಿಕೆಗಳಲ್ಲಿ ‘ತರಂಗಾಂತರ ಹರಾಜು’ ಎಂದರೆ ರೇಡಿಯೊ ಕಂಪನಾಂಕಗಳ ಮಾರಾಟ. ಪಠ್ಯದಲ್ಲಿ ಅದೇ ಪದ ಅಲೆಯ ಉದ್ದ. ನೀವು ಎರಡೂ ಅರ್ಥದಲ್ಲಿ ಬಳಸಿದ್ದೀರಿ, ಅದೂ ಒಂದೇ ಪುಟದಲ್ಲಿ. ‘ಅಲೆಯ ಉದ್ದ’ ಎಂದೇ ಬರೆಯಿರಿ, ಯಾರಿಗೂ ಕೊರತೆ ಅನ್ನಿಸುವುದಿಲ್ಲ. ‘ಅದ್ಭುತ’ ಹನ್ನೊಂದು ಸಲ ಬಂದಿದೆ. ಶೀರ್ಷಿಕೆಯದೂ ಸೇರಿಸಿ ಅಷ್ಟನ್ನೂ ತೆಗೆಯಿರಿ.

ತಿದ್ದಿ ಕಳಿಸಿ, ನಾನೇ ಓದುತ್ತೇನೆ. ಈಗಿರುವುದರ ಅರ್ಧದಷ್ಟಾದರೂ ಪರವಾಗಿಲ್ಲ. ಕಳಿಸುವ ಮುನ್ನ ಸಿಕ್ಕ ಓವನ್ನಿನ ಮುಂದೆ ಸ್ಕೇಲ್ ಹಿಡಿದು ಕೂತು ಬಾಗಿಲಿನ ತೂತುಗಳನ್ನು ಅಳೆಯಿರಿ. ಒಂದು ಸೆಂಟಿಮೀಟರಿನಲ್ಲಿ ಎಷ್ಟು ತೂತು ಎಣಿಸಿದಿರಿ ಎಂಬ ಸಂಖ್ಯೆ ಲೇಖನದಲ್ಲಿ ಇರಲಿ.

ನಿಮ್ಮ,
ಸಂಪಾದಕ