ಸಂಪಾದಕರ ಉತ್ತರ: ಆ ದಾರಿಯಲ್ಲೇ ನಡೆದಿದ್ದವರು

ನಮಸ್ಕಾರ. ಕಳೆದ ಸಂಚಿಕೆಯಲ್ಲಿ ಅಮೆರಿಕದ 'ಸ್ಪಿರಿಚುಯಲ್ ಕೌಂಟರ್‌ಫೀಟ್ಸ್ ಪ್ರಾಜೆಕ್ಟ್' ಬಗ್ಗೆ, ಅಂದರೆ ಹೊಸ ಪಂಥಗಳನ್ನು ಕ್ರೈಸ್ತ ದೃಷ್ಟಿಯಿಂದ ವಿಮರ್ಶಿಸುತ್ತಿದ್ದ ಸಂಸ್ಥೆಯ ಬಗ್ಗೆ, ಒಂದೇ ಸಾಲು ಬರೆದಿದ್ದೆವು. ಅದನ್ನು ಓದಿ, 'ನಮ್ಮ ಗುರುಗಳನ್ನು ಹೀಯಾಳಿಸಲೆಂದೇ ಪಾದ್ರಿಗಳು ಕಟ್ಟಿದ ಸಂಸ್ಥೆ ಇದು, ಅಲ್ವಾ?' ಎಂದು ಕೇಳಿದ್ದೀರಿ. ನಿಮ್ಮ ನೋವು ಅರ್ಥವಾಗುತ್ತದೆ. ಹೆಸರಿನಲ್ಲೇ 'ಖೋಟಾ' (ಕೌಂಟರ್‌ಫೀಟ್) ಎಂಬ ಮಾತಿದೆ. ಆದರೆ ಅದು ಹುಟ್ಟಿದ ಕಥೆ ಬೇರೆ.

ಕಟ್ಟಿದವರು ನಮ್ಮ ಗುರುಗಳ ದಾರಿಯಲ್ಲೇ ನಡೆದಿದ್ದವರು. ಬ್ರೂಕ್ಸ್ ಅಲೆಕ್ಸಾಂಡರ್ ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ ಮಾಡುತ್ತಿದ್ದರು. ಡೇವಿಡ್ ಫೆಚೊ ಆನಂದಮಾರ್ಗ ಎಂಬ ಭಾರತೀಯ ಯೋಗ ಪಂಥದಲ್ಲಿದ್ದರು. ಇಬ್ಬರೂ ಆಮೇಲೆ ಕ್ರೈಸ್ತರಾದರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1969ರಿಂದ ಹಿಪ್ಪಿಗಳ ನಡುವೆ ಕೆಲಸ ಮಾಡುತ್ತಿದ್ದ ಜ್ಯಾಕ್ ಸ್ಪಾರ್ಕ್ಸ್ ಅವರ ಕ್ರೈಸ್ತ ಗುಂಪೊಂದಿತ್ತು. ಅದರ ಮಡಿಲಲ್ಲೇ 1973ರಲ್ಲಿ ಈ ಸಂಸ್ಥೆ ಶುರುವಾಯಿತು. ಅದೇ ವರ್ಷ ಭಾರತದಿಂದ ಬಂದ 15 ವರ್ಷದ ಗುರು ಮಹಾರಾಜ್ ಜೀ ಅಮೆರಿಕದ ಹ್ಯೂಸ್ಟನ್‌ನ ದೊಡ್ಡ ಕ್ರೀಡಾಂಗಣದಲ್ಲಿ ಮೂರು ದಿನ ಉತ್ಸವ ನಡೆಸಿದ್ದರು. ಅಂಥ ಕಾಲ ಅದು.

ಅವರ ಕೆಲಸದಲ್ಲಿ ನಮಗೆ ಜಾಸ್ತಿ ಹತ್ತಿರವಾದದ್ದು ನ್ಯೂಜೆರ್ಸಿಯ ಮೊಕದ್ದಮೆ. 1975-76ರಲ್ಲಿ ಅಲ್ಲಿನ ಐದು ಸರ್ಕಾರಿ ಹೈಸ್ಕೂಲುಗಳಲ್ಲಿ ಮಹೇಶ ಯೋಗಿಯವರ ಕಡೆಯವರು ಭಾವಾತೀತ ಧ್ಯಾನ ಕಲಿಸಿದರು. ಇದು ಧರ್ಮವಲ್ಲ, ವಿಜ್ಞಾನ ಎಂದರು. ಆದರೆ ಜಪಿಸುವ ಮಂತ್ರ ಸಿಗಬೇಕಾದರೆ ಮಕ್ಕಳು ಒಂದು ಭಾನುವಾರ ಹೂವು, ಹಣ್ಣು, ಬಿಳಿ ಕರವಸ್ತ್ರ ತರಬೇಕು. ಮಹೇಶ ಯೋಗಿಯವರ ಗುರುಗಳಾದ 'ಗುರುದೇವ'ರ ಪಟದ ಮುಂದೆ ಸಂಸ್ಕೃತದಲ್ಲಿ ಪೂಜೆ ನಡೆಯುತ್ತಿತ್ತು. ಅದರಲ್ಲಿ ನಾರಾಯಣನಿಂದ ಹಿಡಿದು ವಸಿಷ್ಠ, ಪರಾಶರ, ವ್ಯಾಸ, ಶಂಕರರವರೆಗಿನ ಗುರುಪರಂಪರೆಯ ಶ್ಲೋಕ ಬರುತ್ತದೆ. ಶೃಂಗೇರಿಯ ಭಕ್ತರಿಗೆ ಅದು ಬಾಯಿಪಾಠ. ಈ ಸಂಸ್ಥೆ ಆ ಪೂಜೆಯ ಅರ್ಥವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿತು. ಕೆಲವು ಪೋಷಕರು ಮತ್ತು ಇತರರ ಜೊತೆ ಸೇರಿ ಕೋರ್ಟಿಗೂ ಹೋಯಿತು. 1977ರಲ್ಲಿ ಕೋರ್ಟು ಇದು ಧರ್ಮವೇ, ಸರ್ಕಾರಿ ಶಾಲೆಯಲ್ಲಿ ಕಲಿಸುವಂತಿಲ್ಲ ಎಂದಿತು. 1979ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಇಲ್ಲಿ ನಾನು ಅವರ ಕಡೆ. ಪೂಜೆಯನ್ನು ಪೂಜೆ ಎನ್ನುವುದು ಹೀಯಾಳಿಕೆ ಅಲ್ಲ. ಅದನ್ನು ವಿಜ್ಞಾನವೆಂದು ಸುಮ್ನೆ ದಾಟಿಸಿದ್ದೇ ಪೂಜೆಗೆ ಮಾಡಿದ ಅವಮಾನ.

ಆದರೆ 'ಖೋಟಾ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದು ಅವರ ನಂಬಿಕೆಯ ತೀರ್ಪು, ಸಂಶೋಧನೆ ಅಲ್ಲ. ನಾವು ನಾಥಪಂಥ, ದತ್ತಪಂಥ ಎನ್ನುವಾಗ 'ಪಂಥ' ಬೈಗುಳವಾಗುವುದಿಲ್ಲ. ಇಂಥ ಗುಂಪುಗಳಿಗೆ ಇಂಗ್ಲಿಷಿನಲ್ಲಿ ಹೇಳುವ 'ಕಲ್ಟ್' ಹಾಗಲ್ಲ. ಬಾಯಿಂದ ಬಂದರೆ ಸಾಕು, ಅನುಮಾನ ಹುಟ್ಟುತ್ತದೆ.

ಅವರ ಕಣ್ಣು ಹಿಂದೂ ಗುರುಗಳ ಮೇಲಷ್ಟೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ವಿಟ್ನೆಸ್ ಲೀ ಅವರ 'ಲೋಕಲ್ ಚರ್ಚ್' ಎಂಬ ಕ್ರೈಸ್ತ ಗುಂಪಿನ ಮೇಲೂ ಪುಸ್ತಕ ಬರೆದರು. ಆ ಗುಂಪು ಮಾನನಷ್ಟ ಮೊಕದ್ದಮೆ ಹೂಡಿತು. ಖರ್ಚು ತಾಳಲಾರದೆ ಸಂಸ್ಥೆ 1985ರಲ್ಲಿ ದಿವಾಳಿ ಅರ್ಜಿ ಹಾಕಿತು. ವಿಚಾರಣೆಗೆ ಸಂಸ್ಥೆಯವರು ಬರಲಿಲ್ಲ. ಪುಸ್ತಕ ಸುಳ್ಳು ಎಂದ ನ್ಯಾಯಾಧೀಶರು 1 ಕೋಟಿ 19 ಲಕ್ಷ ಡಾಲರ್ ಪರಿಹಾರ ವಿಧಿಸಿದರು.

ಮುಂದಿನ ಸಂಚಿಕೆಯಲ್ಲಿ 1979ರ ತೀರ್ಪಿನ ಮುಖ್ಯ ಭಾಗವನ್ನು ಕನ್ನಡದಲ್ಲಿ ಕೊಡುತ್ತೇವೆ. ಓದಿ, ದಯವಿಟ್ಟು ಮತ್ತೆ ಬರೆಯಿರಿ.

— ಸಂಪಾದಕ