ಅಜ್ಜನ ದಪ್ಪಿನ ಮೇಲೆ ರ‍್ಯಾಪ್ ಹಾಡಬಹುದಾ?

ಪ್ರಶ್ನೆ: ಕಾಕಾ, ನಾನು ವಿಜಯಪುರದಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ನಮ್ಮ ಕಡೆ ಮಾತಿನಲ್ಲಿ ಒಂಬತ್ತು ರ‍್ಯಾಪ್ ಹಾಡು ಬರೆದಿದ್ದೇನೆ. ಒಬ್ಬನೇ ಆಲ್ಬಂ ಮಾಡುವ ಆಸೆ. ನಮ್ಮಜ್ಜ ಗೀಗೀ ಮೇಳದಲ್ಲಿ ದಪ್ಪು ಬಾರಿಸುತ್ತಿದ್ದರು. ಆ ಮೇಳದ ಹಳೇ ಕ್ಯಾಸೆಟ್ ಕತ್ತರಿಸಿ ಬೀಟ್ ಮಾಡಿದ್ದೇನೆ. ಗೆಳೆಯರು 'ಇದು ಹಿಪ್ ಹಾಪ್ ಅಲ್ಲ, ಭಜನೆ' ಅಂತ ನಗುತ್ತಾರೆ. ಒಬ್ಬ ಮಾತ್ರ 'ಇದು ಆಲ್ಟರ್ನೇಟಿವ್' ಅಂದ. ಹಾಗಂದ್ರೇನು? ಕ್ಯಾಸೆಟ್ ಬಳಸಿದ್ದಕ್ಕೆ ಮುಂದೆ ತೊಂದರೆ ಆಗುತ್ತದಾ?
– ಸಿಂದಗಿ ತಾಲ್ಲೂಕಿನ ಓದುಗ

ಉತ್ತರ: ಕಾಕಾ ಅಂದಿದ್ದೀಯ, ಹಾಗಾಗಿ 'ನೀನು' ಅಂತಲೇ ಬರೆಯುತ್ತೇನೆ ತಮ್ಮಾ. ಕಳಿಸಿದ ಮೂರು ಹಾಡನ್ನೂ ಕೇಳಿದೆ. ಎರಡನೆಯದನ್ನು ನಾಲ್ಕು ಸಲ.

ನಿನ್ನ ಗೆಳೆಯರು ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಗೀಗೀ ಪದ ಕೇಳಿಲ್ಲ ಅಂತ ಕಾಣುತ್ತದೆ. ಒಂದು ಮೇಳ ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಬೆಳಗಾಗುವ ತನಕ ಸವಾಲು-ಜವಾಬು. ಕೈಯಲ್ಲಿ ದಪ್ಪು, ತುಂತುಣಿ, ತಾಳ, ಅಷ್ಟೇ. ಹಿಮ್ಮೇಳದವರು 'ಗೀಯ ಗೀಯ' ಅಂತ ಎಳೆಯುವಷ್ಟರಲ್ಲಿ ಮುಂದಿನವರ ಬಾಯಲ್ಲಿ ಎದುರಾಳಿಗೆ ಕೊಡುವ ಏಟು ತಯಾರು. ರ‍್ಯಾಪ್ ಬ್ಯಾಟಲ್ ಅಂದರೆ ಇನ್ನೇನು?

ರ‍್ಯಾಪನ್ನೂ ಒಳಗೊಂಡ ಹಿಪ್ ಹಾಪ್ ಹುಟ್ಟಿದ್ದು 1973ರ ಆಗಸ್ಟ್‌ನಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ಪಾರ್ಟಿಯಲ್ಲಿ ಅಂತ ಹೇಳುವುದು ರೂಢಿ. ಡಿಜೆ ಕೂಲ್ ಹರ್ಕ್ ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಬರೀ ಡ್ರಮ್ ಬರುವ ಜಾಗವನ್ನೇ ಮತ್ತೆ ಮತ್ತೆ ನುಡಿಸುತ್ತಿದ್ದ. ನೀನು ಕ್ಯಾಸೆಟ್‌ಗೆ ಮಾಡಿದ್ದೂ ಅದನ್ನೇ.

ಆಲ್ಟರ್ನೇಟಿವ್ ಅಂದರೆ ಸದ್ಯ ಓಡುವ ದಾಟಿ ಬಿಟ್ಟು ಬೇರೆ ದಾರಿ ಹಿಡಿದದ್ದು. ಬಂದೂಕು, ಕಾರು, ಬಂಗಾರದ ಚೈನಿಲ್ಲದೆಯೂ ಹಾಡು ನಿಲ್ಲುತ್ತದೆ ಅನ್ನುವವರ ಗುಂಪು. ಎಂಎಫ್ ಡೂಮ್ ಅಂತ ಒಬ್ಬ ರ‍್ಯಾಪ್ ಹಾಡುಗಾರ ಇದ್ದ. ಅವನ ತಮ್ಮ 1993ರಲ್ಲಿ ಸತ್ತ. ಇಬ್ಬರೂ ಸೇರಿ ಮಾಡಿದ್ದ ಆಲ್ಬಂ ಹೊರಬರುವ ಮುಂಚೆಯೇ ಕಂಪನಿ ಕೈಬಿಟ್ಟಿತು. ಕೆಲವು ವರ್ಷ ಪತ್ತೆಯೇ ಇಲ್ಲ. ಆಮೇಲೆ ಮುಖವಾಡ ಹಾಕಿಕೊಂಡು ಬಂದು 1999ರಲ್ಲಿ ತನ್ನ ಮೊದಲ ಒಂಟಿ ಆಲ್ಬಂ 'ಆಪರೇಷನ್: ಡೂಮ್ಸ್‌ಡೇ' ತಂದ. ಉಜ್ಜಿ ತೊಳೆದ ಸದ್ದಲ್ಲ ಅದು. ಹಾಡುಗಳ ನಡುವೆ ಹಳೇ ಕಾರ್ಟೂನಿನ ಮಾತು ಸುಮ್ನೆ ಬಂದು ಹೋಗುತ್ತವೆ. ಹುಡುಕಿ ಕೇಳು. ನಕಲು ಮಾಡೋಕಲ್ಲ, ಧೈರ್ಯಕ್ಕೆ.

ಈಗ ನಿನ್ನ ಹಾಡು. ಮೂರನೆಯದನ್ನು ತೆಗೆದುಹಾಕು. ಸಾಲಿಗೊಂದು 'ಮಚ್ಚಾ', ಬೆಂಗಳೂರಿನ ಟ್ರಾಫಿಕ್ಕು. ನೀನಿರೋದು ಗೋಳಗುಮ್ಮಟದ ಊರಲ್ಲಿ, ಅಲ್ವಾ? ಎರಡನೆಯದರಲ್ಲಿ 'ಡಿಸ್‌ಪ್ಲೇ ಒಡದವ್ರು ಬಂದು ಅಳ್ತಾರ, ಮನಸು ಒಡದವ್ರು ಬಂದು ಚಾರ್ಜರ್ ಕೇಳ್ತಾರ' ಅಂತ ಒಂದು ಸಾಲಿದೆ. ಅಲ್ಲಿ ಬೀಟ್ ನಿಂತು ದಪ್ಪಿನ ಒಂದೇ ಪೆಟ್ಟು ಬೀಳುತ್ತದೆ. ನಾನು ನಾಲ್ಕು ಸಲ ಕೇಳಿದ್ದು ಆ ಪೆಟ್ಟಿಗಾಗಿ. ಕ್ಯಾಸೆಟ್ಟಿನ ಸುಸ್ ಸದ್ದನ್ನು ಪೂರ್ತಿ ತೆಗೆಯೋಕೆ ಹೋಗಬೇಡ. ಅದರ ಜೊತೆ ಪೆಟ್ಟಿನ ಚುರುಕೂ ಹೋಗುತ್ತದೆ. ಅಂಥ ಹಾಡು ಐದೇ ಇದ್ದರೆ ಐದೇ ಹಾಕು.

ಕ್ಯಾಸೆಟ್ ವಿಷಯ ಮಾತ್ರ ಹುಡುಗಾಟ ಅಲ್ಲ. ಗೀಗೀ ಪದ ಜನಪದದ್ದೇ ಇರಬಹುದು, ಆದರೆ ರೆಕಾರ್ಡಿಂಗಿಗೆ ಬೇರೆ ಹಕ್ಕಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಂತೆ ಅದು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಅಜ್ಜ ಬಾರಿಸಿದ್ದು ಅಂದ ಮಾತ್ರಕ್ಕೆ ಕ್ಯಾಸೆಟ್ ನಿನ್ನದಾಗೋದಿಲ್ಲ. ಪದದ ಕೊನೆಯ ನುಡಿಯನ್ನೂ ಕೇಳಿ ನೋಡು. ನಮ್ಮ ಕವಿಗಳು ಅಲ್ಲೇ ತಮ್ಮ ಹೆಸರು, ಊರು ಸೇರಿಸುತ್ತಾರೆ. ಹೆಸರು ಸಿಕ್ಕರೆ ಅವರನ್ನೋ ಅವರ ಮನೆಯವರನ್ನೋ ಹುಡುಕಬೇಕು. ಡಿ ಲಾ ಸೋಲ್ ಅನ್ನುವ ಮೂವರ ರ‍್ಯಾಪ್ ತಂಡದ ಮೊದಲ ಆಲ್ಬಂ ಬಂದಿದ್ದು 1989ರಲ್ಲಿ. ಯಾರದೋ ಹಾಡಿನ ತುಣುಕು ಬಳಸಿದ್ದಕ್ಕೆ ಕೇಸು ಬಿತ್ತು. ಆ ಆಲ್ಬಂ ಮೊಬೈಲ್ ಆ್ಯಪ್‌ಗಳಿಗೆ ಬಂದಿದ್ದು 2023ರ ಮಾರ್ಚ್‌ನಲ್ಲಿ. ಇಂಥ ತುಣುಕುಗಳ ಹಕ್ಕಿನ ಗೋಜಲೂ ತಡಕ್ಕೆ ಒಂದು ಕಾರಣ.

ಕ್ಯಾಸೆಟ್ ಕಂಪನಿಯದಾದರೆ ಬರಹದಲ್ಲಿ ಒಪ್ಪಿಗೆ ತಗೋ. ಸಿಗಲಿಲ್ಲವಾ, ಮೇಳದಲ್ಲಿ ಉಳಿದವರನ್ನು ಕೂರಿಸಿ ಹೊಸದಾಗಿ ಬಾರಿಸಲು ಹೇಳು. ದುಡ್ಡು ಕೊಡು. ಹೆಸರು ಹಾಕು. ಒಂದು ಭಜನೆ ಕ್ಯಾಸೆಟ್ಟಿನ ಕವರ್ ಮೇಲೆ ನಾನು ತಾಳದವರ ಹೆಸರು ಮರೆತಿದ್ದೆ. ಅವರು ಇವತ್ತಿಗೂ ನನ್ನ ಸ್ಟುಡಿಯೋದಲ್ಲಿ ಚಹಾ ಮುಟ್ಟೋದಿಲ್ಲ.

ಪ್ರಶ್ನೆ: ಮನೆಯಲ್ಲಿ ಹಾಡು ರೆಕಾರ್ಡ್ ಮಾಡಿದರೆ ಹಿಂದೆ 'ಗುಂಯ್' ಅನ್ನುತ್ತದೆ. ಮೈಕ್ ಬದಲಿಸಬೇಕಾ?
– ಓದುಗಿ, ಜಮಖಂಡಿ

ಉತ್ತರ: ಬೇಡಮ್ಮ. ಅದು ಹೆಚ್ಚಾಗಿ ಕರೆಂಟಿನ 50 ಹರ್ಟ್ಸ್ ಸದ್ದು. ಚಾರ್ಜರ್ ಕಿತ್ತು, ಬ್ಯಾಟರಿ ಮೇಲೆ ಲ್ಯಾಪ್‌ಟಾಪ್ ಓಡಿಸಿ ನೋಡಿ. ನಿಂತರೆ ತಪ್ಪು ಹೆಚ್ಚಾಗಿ ಚಾರ್ಜರ್‌ನದೋ ಅರ್ಥಿಂಗ್‌ನದೋ ಇರುತ್ತದೆ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕೋಣೆ ಮೊಳಗುತ್ತಿದ್ದರೆ ಗೋಡೆಗೆ ಎರಡು ಕೌದಿ ಇಳಿಬಿಡಿ. ನನ್ನ ಸ್ಟುಡಿಯೋದಲ್ಲೂ ಇರೋದು ಕೌದಿಯೇ, ಅವ್ವ ಹೊಲಿದದ್ದು.